ಹುಸೇನ್ ಖಾನನ ಹತ್ತು ಆಣೆ: ವಿಜ್ಞಾನದ ಪಾಠಕ್ಕೆ ಕಾದಂಬರಿಯನ್ನು ತರಬಹುದೇ?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಮಾನ್ಯರೇ, ವಸಾಹತೋತ್ತರ ಸಾಹಿತ್ಯ (ಪರರ ಆಳ್ವಿಕೆಯ ಪರಿಣಾಮಗಳನ್ನು ಕೆದಕುವ ಬರವಣಿಗೆ) ಮತ್ತು ವಿಜ್ಞಾನ ಶಿಕ್ಷಣದ ನಂಟು ನನ್ನ ಪಿಎಚ್.ಡಿ. ವಿಷಯ. ಅಮಿತಾವ್ ಘೋಷ್ ಅವರ ‘ದಿ ಕ್ಯಾಲ್ಕಟಾ ಕ್ರೋಮೋಸೋಮ್’ (1995) ಕಾದಂಬರಿಯನ್ನು ಮುಖ್ಯ ಕೃತಿಯಾಗಿ ಆರಿಸಿಕೊಂಡಿದ್ದೇನೆ. ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದು 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಅವರಿಗಿಂತ ಮೊದಲೇ, ಪ್ರಯೋಗಾಲಯದ ಕಸ ಗುಡಿಸುವ ಮಂಗಳಾ ಎಂಬ ಹೆಂಗಸಿಗೆ ಆ ರಹಸ್ಯ ತಿಳಿದಿತ್ತೆಂದು ಈ ಕಾದಂಬರಿ ಕಲ್ಪಿಸುತ್ತದೆ. ಇದನ್ನು ಪ್ರೌಢಶಾಲೆಯ ಮಕ್ಕಳ ಮುಂದಿಟ್ಟರೆ ವಿಜ್ಞಾನದ ತಿಳಿವಳಿಕೆ ಹಿಗ್ಗುತ್ತದೆಯೇ, ಅಥವಾ ಅವರು ಕಟ್ಟುಕಥೆಯನ್ನೇ ಚರಿತ್ರೆಯೆಂದು ನಂಬಿಬಿಡುತ್ತಾರೆಯೇ? ಪಾಠ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ

ಕಾದಂಬರಿಗಿಂತ ಮೊದಲು ರಾಸ್ ಅವರೇ ಬರೆದಿಟ್ಟದ್ದನ್ನು ಮಕ್ಕಳಿಗೆ ಹೇಳಿ ಎಂಬುದು ನನ್ನ ಸಲಹೆ. 1897ರ ಆಗಸ್ಟ್ ತಿಂಗಳ ಸಿಕಂದರಾಬಾದಿನ ಸೆಕೆಯಲ್ಲಿ, ಗಾಳಿಗೆ ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಖಾ ಎಳೆಸದೆ, ಹಣೆಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದು, ಉಳಿದಿದ್ದ ಒಂದೇ ಮಸೂರವೂ ಬಿರುಕು ಬಿಟ್ಟಿದ್ದಾಗ ಅವರು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತಿದ್ದರು. ಆ ಸೊಳ್ಳೆಗಳು ರಕ್ತ ಹೀರಿದ್ದು ಹುಸೇನ್ ಖಾನ್ ಎಂಬ ರೋಗಿಯ ಮೈಯಿಂದ. ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆಯ ಲೆಕ್ಕದಲ್ಲಿ, ಹತ್ತು ಸೊಳ್ಳೆಗೆ ಅವನಿಗೆ ಹತ್ತು ಆಣೆ ಸಿಕ್ಕಿತು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯ ಗುರುತಾದ ಕಪ್ಪು ಕಣಗಳುಳ್ಳ ಕೋಶಗಳು ಕಂಡವು.

ಇಷ್ಟನ್ನು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಆಮೇಲೆ ಹುಸೇನ್ ಖಾನನಿಗೆ ವಾಸಿಯಾಯಿತೇ?” ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಆದರೆ ಪ್ರಯೋಗಕ್ಕೆ ಮೈಯೊಡ್ಡಿದವನ ಒಪ್ಪಿಗೆ, ಅವನ ಕೂಲಿ, ಅವನ ಹೆಸರು ಎಲ್ಲವೂ ವಿಜ್ಞಾನದ ಪಾಠಕ್ಕೇ ಸೇರಿದವು ಎಂಬುದು ಆ ದಿನ ನನಗೆ ಮನದಟ್ಟಾಯಿತು. ಘೋಷ್ ಅವರ ಮಂಗಳಾಳನ್ನು ತರುವುದಿದ್ದರೆ ಇದಾದ ಮೇಲೆ ತನ್ನಿ. ದಾಖಲೆ ಎಲ್ಲಿ ನಿಂತಿತು, ಕಲ್ಪನೆ ಎಲ್ಲಿ ಶುರುವಾಯಿತು ಎಂದು ಆಗ ಮಕ್ಕಳೇ ಗೆರೆ ಎಳೆಯುತ್ತಾರೆ.

ಉತ್ತರ 2 – ನಿವೃತ್ತ ಕನ್ನಡ ಪ್ರಾಧ್ಯಾಪಕ, ಮೈಸೂರು

ಶಿಕ್ಷಕಿಯವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಇದಕ್ಕೆ ಸೇರಿಸಬೇಕೆನಿಸಿದ್ದು ಒಂದಿದೆ. ಕನ್ನಡದಲ್ಲಿ ಕುಳಿತು ಈ ವಿಷಯದ ಮೇಲೆ ಕೆಲಸ ಮಾಡುವವರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು (1980) ಬದಿಗಿಡುವುದು ಸರಿಯಲ್ಲ. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ ಕರ್ವಾಲೊ ಅವರಿಗೆ ಅಲ್ಲಿ ದಾರಿ ತೋರುವವನು ಜೇನು ಹಿಡಿಯುವ ಮಂದಣ್ಣ. ಊರವರ ಕಣ್ಣಿಗೆ ಅಬ್ಬೇಪಾರಿಯಾದ ಅವನಲ್ಲಿ ಕರ್ವಾಲೊ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ.

ಘೋಷ್ ಅವರ ಮಂಗಳಾ ತನ್ನ ಅರಿವನ್ನು ಬಿಳಿಯ ವೈದ್ಯನಿಂದ ಮುಚ್ಚಿಡುತ್ತಾಳೆ. ಮಂದಣ್ಣನಾದರೋ ಕಂಡದ್ದನ್ನು ಕಂಡ ಹಾಗೆ ಹೇಳಿ ವಿಜ್ಞಾನಿಯ ಜೊತೆಗೇ ಕಾಡು ಹೊಗುತ್ತಾನೆ. ಆಳಿದವರ ಜ್ಞಾನಕ್ಕೆ ಆಳಿಸಿಕೊಂಡವರ ಜ್ಞಾನ ಎದುರಾಳಿ ಎಂಬ ಚೌಕಟ್ಟು ಮೊದಲ ಕಾದಂಬರಿಗೆ ಚೆನ್ನಾಗಿ ಹೊಂದುತ್ತದೆ, ಎರಡನೆಯದಕ್ಕೆ ಸಾಲುವುದಿಲ್ಲ. ‘ಕರ್ವಾಲೊ’ದ ಕಥೆ ನಡೆಯುವ ಮೂಡಿಗೆರೆಯ ಕಾಡಿನಲ್ಲಿ ವಿಜ್ಞಾನ ಹೊರಗಿನಿಂದ ಬಂದ ದೊರೆಯಲ್ಲ, ಜೇನು ಹಿಡಿಯುವವನ ಜೊತೆ ಕುಳಿತು ಕಲಿಯಬಲ್ಲ ಕುತೂಹಲ. ಸಿದ್ಧಾಂತವನ್ನು ಮೊದಲು ಕೈಗೆತ್ತಿಕೊಂಡು ಆಮೇಲೆ ಕೃತಿಗೆ ತೊಡಿಸುವ ಅಭ್ಯಾಸ ನಮ್ಮ ಸಂಶೋಧನೆಯಲ್ಲಿ ಹೆಚ್ಚಾಗಿರುವುದನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ. ತರಗತಿಗೆ ನಾನಾದರೆ ಮಂದಣ್ಣನನ್ನೇ ಮೊದಲು ಕರೆದೊಯ್ಯುವೆ.

ಉತ್ತರ 3 – ವೈದ್ಯ, ಬೆಂಗಳೂರು

ಒಂದು ಎಚ್ಚರಿಕೆ. ಮರೆತುಹೋದವರನ್ನು ನೆನೆಯುವ ಉತ್ಸಾಹದಲ್ಲಿ ಹುಸೇನ್ ಖಾನನನ್ನು ಸಂಶೋಧಕನೆಂದು ಕರೆಯಬೇಡಿ. ಅವನು ರೋಗಿಯಾಗಿದ್ದ, ಅಷ್ಟೇ ಸಾಕು. ಕಲ್ಕತ್ತೆಯಲ್ಲಿ ರಾಸ್ ಅವರಿಗೆ ನೆರವಾದ ಮಹಮ್ಮದ್ ಬಕ್ಸ್‌ನ ಪಾಲು ಬೇರೆ ಬಗೆಯದು. ಪರೋಪಜೀವಿಯನ್ನು 1880ರಲ್ಲಿ ಮೊದಲು ಕಂಡ ಲಾವೆರಾನ್ ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೇನಾವೈದ್ಯ, ರಾಸ್ ಇಲ್ಲಿನ ಬ್ರಿಟಿಷ್ ಆಡಳಿತದ ಸೇನಾವೈದ್ಯ. ರಾಸ್ 1895ರಲ್ಲಿ ಕಾಲರಾ ಕೆಲಸಕ್ಕೆಂದು ನಮ್ಮ ಬೆಂಗಳೂರಿಗೂ ಬಂದಿದ್ದರು. ದಂಡು ಹೋದ ಕಡೆಯಲ್ಲೇ ಈ ವಿಜ್ಞಾನವೂ ಬೆಳೆಯಿತೆಂಬುದನ್ನು ಹೇಳಲು ಕಾದಂಬರಿಯೇ ಬೇಕಿಲ್ಲ, ಒಂದು ಭೂಪಟ ಸಾಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ಮಂಗಳಾ ಮತ್ತು ಮಂದಣ್ಣ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಎರಡನೆಯ ಅಧ್ಯಾಯವನ್ನು ಮತ್ತೆ ಬರೆಯಲಿದ್ದೇನೆ. ಹಾಸನದ ಮೇಡಂ, ಆ ಹುಡುಗಿಯ ಪ್ರಶ್ನೆಯನ್ನು ಅವಳ ಹೆಸರು ಹೇಳದೆ ಅಧ್ಯಾಯದ ಆರಂಭದಲ್ಲಿ ಬಳಸಿಕೊಳ್ಳಲು ನಿಮ್ಮ ಅನುಮತಿ ಇದೆಯೇ? ಸಾಧ್ಯವಾದರೆ ಅವಳನ್ನೂ ಒಮ್ಮೆ ಕೇಳಿ ತಿಳಿಸಿ.