ರಿಫೈನರಿಯ ಹಳೇ ಕ್ಯಾಟಲಿಸ್ಟ್ ತಗೋಬಹುದಾ?

ಪ್ರಶ್ನೆ: ಮೇಡಂ, ಮಂಗಳೂರು ಕಡೆ ನಮ್ಮದು ಗುಜರಿ ವ್ಯಾಪಾರ. ದಲ್ಲಾಳಿಯೊಬ್ಬರು ರಿಫೈನರಿ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡೋ ವಸ್ತು) ಅಂತ ಕೆಲವು ಡ್ರಂ ತೋರಿಸಿದರು. ಒಳಗೆ ಕತ್ತರಿಸಿದ ಶ್ಯಾವಿಗೆ ಥರ ಕಪ್ಪು ತುಂಡುಗಳು. ಪ್ಲಾಟಿನಂ ಇದೆಯಂತೆ, ಆಸಿಡ್‌ಗೆ ಹಾಕಿದರೆ ಬಿಡುತ್ತಂತೆ. ತಗೋಬಹುದಾ?

ಉತ್ತರ: ಬೇಡ. ಆಸಿಡ್ ಅಂತೂ ಬೇಡವೇ ಬೇಡ. ಪ್ಲಾಟಿನಂ ಇರೋದು ಮುಖ್ಯವಾಗಿ ಪೆಟ್ರೋಲಿನ ಆಕ್ಟೇನ್ ಏರಿಸೋ ರಿಫಾರ್ಮರ್ ಘಟಕದ ಕ್ಯಾಟಲಿಸ್ಟಿನಲ್ಲಿ, ಅದೂ ಸುಮಾರು ಶೇ. 0.3. ಅದನ್ನ ರಿಫೈನರಿಯವರು ಗ್ರಾಂ ಲೆಕ್ಕದಲ್ಲಿ ಕಾಯ್ತಾರೆ, ದಲ್ಲಾಳಿ ಕೈಗೆ ಡ್ರಂಗಟ್ಟಲೆ ಬಿಡಲ್ಲ. ನೀವು ಹೇಳೋದು ಡೀಸೆಲಿನ ಗಂಧಕ ತೆಗೆಯೋ ಘಟಕದ್ದಿರಬೇಕು: ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೇಲೆ ಮಾಲಿಬ್ಡಿನಂ ಲೋಹ, ಜೊತೆಗೆ ಕೋಬಾಲ್ಟ್ ಇಲ್ಲವೇ ನಿಕಲ್. ಲ್ಯಾಬ್ ವರದಿ ಇಲ್ಲದೆ ಕಣ್ಣಳತೆಯಲ್ಲಿ ಖಚಿತ ಹೇಳೋಕಾಗಲ್ಲ.

ಬಳಸಿದ ಮೇಲೆ ಈ ಲೋಹಗಳು ಸಲ್ಫೈಡ್ ರೂಪದಲ್ಲಿ, ಅಂದರೆ ಗಂಧಕದ ಜೊತೆ ಸೇರಿಕೊಂಡಿರ್ತವೆ. ಆಸಿಡ್ ಸುರಿದರೆ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಏಳುತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ; ಪ್ರಮಾಣ ಹೆಚ್ಚಾದರೆ ಮೂಗಿಗೇ ವಾಸನೆ ತಿಳಿಯಲ್ಲ, ಮನುಷ್ಯ ಅಲ್ಲೇ ಕುಸಿತಾನೆ. ಮುಚ್ಚಳ ತೆಗೆದಿಟ್ಟರೂ ಗಾಳಿ ತಾಗಿ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಪ್ರಶ್ನೆ (ಬೇರೊಬ್ಬರು): ಹಾಗಾದರೆ ಫ್ಯಾಕ್ಟರಿಗಳಲ್ಲಿ ಹೇಗೆ ತೆಗೀತಾರೆ? ನಾನು ಮೆಟಲರ್ಜಿ ವಿದ್ಯಾರ್ಥಿ.

ಉತ್ತರ: ಒಂದು ಹಳೇ ದಾರಿ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಬೆರೆಸಿ ಹುರಿಯೋದು. ಎಣ್ಣೆ, ಕೋಕ್ (ಮೇಲೆ ಕೂತ ಇಂಗಾಲ), ಗಂಧಕ ಸುಟ್ಟು ಹೋಗ್ತವೆ. ಮಾಲಿಬ್ಡಿನಂ, ವೆನೇಡಿಯಂ ಎರಡೂ ಸೋಡಿಯಂ ಲವಣಗಳಾಗಿ ಬಿಸಿನೀರಿಗೆ ಇಳೀತವೆ. ಸೋಸಿದ ದ್ರಾವಣಕ್ಕೆ ಅಮೋನಿಯಂ ಕ್ಲೋರೈಡ್ ಹಾಕಿದರೆ ವೆನೇಡಿಯಂ ಬಿಳಿ ಪುಡಿಯಾಗಿ ಕೂರುತ್ತೆ, ಆಮೇಲೆ ಆಮ್ಲ ಸೇರಿಸಿ ಮಾಲಿಬ್ಡಿನಂ ಇಳಿಸ್ತಾರೆ. ನಿಕಲ್, ಕೋಬಾಲ್ಟ್ ಅಲ್ಯುಮಿನಾ ಜೊತೆ ಗಷ್ಟಿನಲ್ಲೇ ಉಳೀತವೆ. ಅದಕ್ಕೆ ಬೇರೆ ಸಂಸ್ಕರಣೆ.

ಅಂದಹಾಗೆ, ವೆನೇಡಿಯಂ ಇಂಥ ಹೊಸ ಕ್ಯಾಟಲಿಸ್ಟಿನಲ್ಲಿ ಸಾಮಾನ್ಯವಾಗಿ ಇರಲ್ಲ. ಕಚ್ಚಾ ತೈಲದಿಂದ ಬಂದು ಕೂರುತ್ತೆ. ತಳದ ಭಾರೀ ಎಣ್ಣೆ ಸಂಸ್ಕರಿಸೋ ಘಟಕದ ಸರಕಿನಲ್ಲಿ ತುಂಬಾ, ಡೀಸೆಲ್ ಘಟಕದ್ದರಲ್ಲಿ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಯಾವ ಘಟಕದ ಮಾಲು ಅಂತ ಕೇಳದೆ ರೇಟು ಮಾತಾಡೋದೇ ತಪ್ಪು.

ಪ್ರಶ್ನೆ (ವಿದ್ಯಾರ್ಥಿ): ಉಷ್ಣತೆ ಏರಿಸಿದರೆ ಕೆಲಸ ಬೇಗ ಆಗಲ್ವಾ?

ಉತ್ತರ: ಹುರಿದಾಗ ಹುಟ್ಟೋ ಮಾಲಿಬ್ಡಿನಂ ಟ್ರೈಆಕ್ಸೈಡ್ 795 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಅದಕ್ಕೂ ಮೊದಲೇ ಆವಿಯಾಗೋಕೆ ಶುರು. ಸೋಡಾ ಸರಿಯಾಗಿ ಬೆರೆಯದ ಕಡೆ ಚಿಮಣಿಯಲ್ಲಿ ದುಡ್ಡೇ ಹಾರಿಹೋಗುತ್ತೆ. ಕೋಕ್, ಗಂಧಕ ಉರಿದಾಗ ತಾವೇ ಶಾಖ ಕೊಡೋದರಿಂದ ಕುಲುಮೆ ಕಾಯಿಸೋದಕ್ಕಿಂತ ಹಿಡಿತದಲ್ಲಿಡೋದೇ ದೊಡ್ಡ ಪಾಡು.

ಪ್ರಶ್ನೆ (ಮೊದಲಿನವರು): ಕಾನೂನು ಪ್ರಕಾರ ಮಾಡೋದಾದರೆ? ಒಂದು ಡ್ರಂ ಆಗಲೇ ಶೆಡ್‌ಗೆ ಇಳಿಸಿಬಿಟ್ಟಿದಾರೆ ಮೇಡಂ.

ಉತ್ತರ: 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಇದು ಅಪಾಯಕಾರಿ ತ್ಯಾಜ್ಯ. ಇಟ್ಟುಕೊಳ್ಳೋಕೆ, ಸಂಸ್ಕರಿಸೋಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಲಾರಿ ಜೊತೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಇರಬೇಕು. ಆ ಕಾಗದ ಕೇಳಿ ನೋಡಿ, ದಲ್ಲಾಳಿ ಏನು ತೋರಿಸ್ತಾರೆ ಅಂತ. ಡ್ರಂ ತೆರೀಬೇಡಿ, ನೀರು ಹಾಕಬೇಡಿ. ಮುಚ್ಚಳ ಬಿಗಿ ಇರಲಿ, ಸುತ್ತ ಗಾಳಿಯಾಡಲಿ, ಹತ್ತಿರ ಯಾರೂ ಮಲಗೋದು ಬೇಡ. ದೂರದಿಂದಲೇ ಬಿಸಿ ಅಥವಾ ಹೊಗೆ ಗೊತ್ತಾದರೆ ಎಲ್ಲರೂ ಹೊರಬಂದು ಅಗ್ನಿಶಾಮಕದವರನ್ನ ಕರೀರಿ. ಇಲ್ಲದಿದ್ದರೂ ಇವತ್ತೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಿಬಿಡಿ.