ಮನೇಲಿ ಮಾಡಿದ ಬಾಣ ಕತ್ತರಿಸೋ ಮಷೀನು: ತುದಿ ಓರೆ ಬರ್ತಿದೆ, ನಾರು ಏಳ್ತಿದೆ

ಪ್ರಶ್ನೆ:
ನಮಸ್ಕಾರ ಎಲ್ಲರಿಗೂ. ಹನ್ನೆರಡು ಕಾರ್ಬನ್ ಶಾಫ್ಟ್ (ಬಾಣದ ಉದ್ದನೆ ಕೊಳವೆ) ತಗೊಂಡಿದೀನಿ, 32 ಇಂಚಿಂದು, ನಂಗೆ ಬೇಕಿರೋದು 28½. 4 ಇಂಚಿನ ಗ್ರೈಂಡರ್‌ನ ಪ್ಲೈವುಡ್ ಮೇಲೆ ಕ್ಲಾಂಪ್ ಮಾಡಿ 1 ಎಂಎಂ ಕಟಿಂಗ್ ವೀಲ್ ಹಾಕಿ, ಶಾಫ್ಟ್ ಕೂರಕ್ಕೆ ಅಲ್ಯೂಮಿನಿಯಂ ಎಲ್ ಆ್ಯಂಗಲ್ ಹೊಡ್ದು ಮಷೀನು ಮಾಡ್ಕೊಂಡೆ. ಎರಡು ಕಟ್ ಮಾಡಿದೆ, ಎರಡೂ ಹಾಳು. ತುದಿ ಓರೆ, ಕೆಳಗಡೆ ನಾರು ಎದ್ದು ಪೊರಕೆ ತರ ಆಗಿದೆ, ಇನ್ಸರ್ಟ್ (ಮೊನೆ ತಿರುಪಕ್ಕೆ ತುದಿ ಒಳಗೆ ಹಾಕೋ ತುಂಡು) ಕೂರಿಸಿ ಟೇಬಲ್ ಮೇಲೆ ಉರುಳಿಸಿದ್ರೆ ಪಾಯಿಂಟ್, ಅಂದ್ರೆ ಬಾಣದ ಮೊನೆ, ಅಲ್ಲಾಡುತ್ತೆ. ಮೂಲೆಮಟ್ಟ ಇಟ್ಟು ಮೂರು ಸಲ ನೋಡಿದೆ, ವೀಲ್ ಸರೀಗೇ ಇದೆ. ಹಳೆ ಮಿಕ್ಸಿ ಮೋಟ್ರು ಒಂದಿದೆ, ಅದನ್ನ ಹಾಕ್ಲಾ?

ಉತ್ತರ 1:
ಸಾರ್ ದಯವಿಟ್ಟು ಮಿಕ್ಸಿ ಮೋಟ್ರು ಬೇಡ. ಲೋಡ್ ಇಲ್ದಿದ್ರೆ ಅದು 18,000 ಆರ್‌ಪಿಎಂ ಹತ್ರ ಓಡುತ್ತೆ, 4 ಇಂಚಿನ ವೀಲ್ ತಡ್ಕೊಳ್ಳೋದು ಸಾಮಾನ್ಯವಾಗಿ 15,000 ಚಿಲ್ರೆ, ಒಡೆದು ಮುಖಕ್ಕೇ ಬರುತ್ತೆ. ಗ್ರೈಂಡರ್ 11,000 ಸುತ್ತಮುತ್ತ, ಧಾರಾಳ ಸಾಕು. ಗಾರ್ಡ್ ಬಿಚ್ಚಿದ್ರೆ ವಾಪಸ್ ಹಾಕಿ.

ನೀವು ಶಾಫ್ಟ್‌ನ ತಿರುಗಿಸದೆ ಒಂದೇ ಸಲಕ್ಕೆ ಈ ಕಡೆಯಿಂದ ಆ ಕಡೆಗೆ ಕೊಯ್ತಿದೀರಾ? ಹಾಗೆ ಮಾಡಿದ್ರೆ ವೀಲ್ ಹೊರಗೆ ಬರೋ ಕಡೆ ನಾರಿಗೆ ಆಸರೆ ಇರಲ್ಲ, ಹರ್ಕೊಂಡೇ ಬರುತ್ತೆ. ವೀಲ್ ತಾಗಿದ ತಕ್ಷಣ ಬೆರಳಲ್ಲಿ ಮೆತ್ತಗೆ ತಿರುಗಿಸ್ತಾ ಹೋಗಿ, ಸುತ್ತಲೂ ಗೀರು ಬಿದ್ದು ಆಮೇಲೆ ತಾನಾಗೇ ಒಳಗಿನ ತನಕ ಇಳಿಯುತ್ತೆ, ವೀಲ್ ಕೂದಲೆಳೆ ಓರೆ ಇದ್ರೂ ತುದಿ ಸುತ್ತ ಸಮ ಬರುತ್ತೆ. ಆದ್ರೆ ತಿರುಗಿಸುವಾಗ ಶಾಫ್ಟ್ ಹಿಂದೆ ಮುಂದೆ ಜರುಗಬಾರ್ದು, ನಾಕ್ ಕಡೆ (ಬಿಲ್ಲಿನ ಹಗ್ಗಕ್ಕೆ ಸಿಕ್ಕಿಸೋ ಹಿಂದಿನ ತುದಿ) ಗಟ್ಟಿ ಸ್ಟಾಪರ್ ಇರ್ಲೇಬೇಕು. ಗೀರು ಶುರುವಾದ ಜಾಗಕ್ಕೆ ಬಂದು ಕೂಡದೆ ಸಣ್ಣ ಮೆಟ್ಟಿಲು ಬಿದ್ರೆ ಶಾಫ್ಟ್ ಜರುಗಿದೆ ಅಂತಾನೇ ಅರ್ಥ. ಎಲ್ ಆ್ಯಂಗಲ್‌ನ ವಿ ತರ ತಿರುಗಿಸಿ ಕೂರಿಸಿ, ಆಗ ಅಕ್ಕಪಕ್ಕ ಆಡಲ್ಲ.

ಇನ್ನೊಂದು, ಧೂಳು. ಬರೀ ಬಟ್ಟೆ ಕಟ್ಕೊಂಡ್ರೆ ಸಾಲಲ್ಲ, ಎನ್95 ಮಾಸ್ಕು, ಕನ್ನಡಕ ಹಾಕ್ಕೊಳ್ಳಿ, ವ್ಯಾಕ್ಯೂಮ್ ಪೈಪು ವೀಲ್ ಪಕ್ಕದಲ್ಲೇ ಇಡಿ. ಕಾರ್ಬನ್ ಧೂಳಲ್ಲಿ ಕರೆಂಟ್ ಹರಿಯುತ್ತೆ, ಗ್ರೈಂಡರ್ ಒಳಗೆ ಸೇರಿದ್ರೆ ಶಾರ್ಟ್ ಆಗುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಕಟ್ ಆದ ತುದಿಗೆ ಮಾರ್ಕರ್ ಬಳಿದು, ಶಾಫ್ಟ್ ನೆಟ್ಟಗೆ ಹಿಡಿದು ನಯವಾದ ಎಮರಿ ಪೇಪರ್ ಮೇಲೆ ಎರಡು ಸುತ್ತು ತಿರುಗಿಸಿ, ಮಸಿ ಸುತ್ತಲೂ ಒಂದೇ ಸಮ ಹೋದ್ರೆ ಮಟ್ಟ ಇದೆ. ಒಂದು ಕಡೆ ಮಾತ್ರ ಹೋದ್ರೆ ಇನ್ನೂ ಉಜ್ಜಿ. ಮತ್ತೆ ಒಂದೇ ಸಲ 28½ಕ್ಕೆ ಹೋಗ್ಬೇಡಿ, ಗಿಡ್ಡ ಆದಷ್ಟೂ ಬಾಣ ಗಟ್ಟಿ ಆಗುತ್ತೆ, ಬಾಗೋದು ಕಮ್ಮಿ ಆಗುತ್ತೆ. ಅರ್ಧ ಇಂಚು ಉದ್ದ ಬಿಟ್ಟು ಹೊಡೆದು ನೋಡಿ, ಬೇಕಿದ್ರೆ ಮತ್ತೆ ಕಟ್ ಮಾಡ್ಬೋದು, ಜೋಡ್ಸಕ್ಕಂತೂ ಆಗಲ್ಲ.

ಪ್ರಶ್ನೆ ಕೇಳಿದವರು:
ಹೌದು ಸಾರ್, ತಿರುಗಿಸ್ತಾ ಇರ್ಲಿಲ್ಲ, ಸೀದಾ ಒತ್ತುತಿದ್ದೆ. ಇವತ್ತು ಆ್ಯಂಗಲ್ ವಿ ಮಾಡಿ, ಹಿಂದ್ಗಡೆ ಕಬ್ಬಿಣದ ತುಂಡು ಸ್ಕ್ರೂ ಹಾಕಿ, ಹಾಳಾದ ಶಾಫ್ಟಲ್ಲೇ ಟ್ರೈ ಮಾಡಿದೆ. ಮೊದಲನೇದ್ರಲ್ಲಿ ನೀವು ಹೇಳಿದ ಮೆಟ್ಟಿಲೇ ಬಂತು, ಸ್ಕ್ರೂ ಸಡಿಲ ಇತ್ತು, ಇನ್ನೊಂದು ಸ್ಕ್ರೂ ಬಿಗಿದೆ. ಎರಡನೇದು ಒಂದು ನಾರೂ ಏಳ್ದೆ ಉಂಗುರದ ತರ ಬಂದಿದೆ, ಮಾರ್ಕರ್ ಮಸಿ ಪೂರ್ತಿ ಹೋಯ್ತು, ಉರುಳಿಸಿದ್ರೆ ಪಾಯಿಂಟ್ ಅಲ್ಲಾಡ್ತಿಲ್ಲ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಉಳಿದ ಹತ್ತನ್ನ 29ಕ್ಕೆ ಕಟ್ ಮಾಡಿ ಭಾನುವಾರ ಹೊಡೆದು ನೋಡ್ತೀನಿ.