ಫರ್ವರ್‌ಗೆ ಕನ್ನಡದಲ್ಲಿ ಏನನ್ನೋಣ? ಸುದ್ದಿಮನೆಗೂ ಭಕ್ತರಿಗೂ ಒಂದೇ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾರಾಟ ಕುಸಿದ ಒಂದು ಟ್ಯಾಬ್ಲಾಯ್ಡ್ ಪತ್ರಿಕೆಯ ಕತೆ. ಮುಖಪುಟಕ್ಕೆ ಏನೂ ಸಿಗದ ದಿನ ವರದಿಗಾರನೊಬ್ಬ, ಗೋಡೆ ಮೇಲಿನ ತೇವದ ಕಲೆಯಲ್ಲಿ ಸಂತನ ಮುಖ ಕಂಡಿತು ಅಂತ ಬರೆದುಬಿಡುತ್ತಾನೆ. ಮರುದಿನದಿಂದ ಆ ಗೋಡೆ ಮುಂದೆ ಜನವೋ ಜನ. ಕೊನೆಗೆ ಸುದ್ದಿ ಹುಟ್ಟಿಸಿದ ಸಂಪಾದಕನೇ ಅಲ್ಲಿ ಹೋಗಿ ಮಂಡಿಯೂರುತ್ತಾನೆ.

ನನ್ನನ್ನು ಕಾಡುತ್ತಿರುವುದು 'ಫರ್ವರ್' ಎಂಬ ಪದ. ಲೇಖಕರು ಇದನ್ನು ಮೊದಲು ಬಳಸುವುದು ಸುದ್ದಿಮನೆಗೆ. ಪುಟ ಮುಗಿಸುವ ಹೊತ್ತಿಗೆ ಅಲ್ಲಿ ಏಳುವ ಗದ್ದಲ, ಹುರುಪು ಎಲ್ಲ ಸೇರಿ ಫರ್ವರ್. ಎಷ್ಟೋ ಪುಟ ಕಳೆದ ಮೇಲೆ ಗೋಡೆ ಮುಂದಿನ ಭಕ್ತರಿಗೂ ಅದೇ ಪದ. ನಗು ಇರುವುದೇ ಅಲ್ಲಿ. ಕನ್ನಡದಲ್ಲಿ ಒಂದು ಕಡೆ 'ಹುರುಪು', ಇನ್ನೊಂದು ಕಡೆ 'ಭಕ್ತಿಪರವಶತೆ' ಅಂತ ಹಾಕಿದರೆ ಅರ್ಥ ಸರಿಹೋಗುತ್ತದೆ, ತಮಾಷೆ ಸತ್ತುಹೋಗುತ್ತದೆ.

ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಆದರೆ ಅವು ಮೊದಲೇ ಒಂದು ಪಕ್ಷ ಹಿಡಿದಿರುತ್ತವೆ. 'ಪರವಶತೆ', 'ತನ್ಮಯತೆ' ಅಂದರೆ ಕೈ ಮುಗಿಯಬೇಕು ಅನ್ನಿಸುತ್ತದೆ. 'ಮತಾಂಧತೆ', 'ಧರ್ಮೋನ್ಮಾದ' ಅಂದರೆ ಬೈಗುಳ, ಪೊಲೀಸರು ಬರುವ ವಾಸನೆ. 'ಅಮಲು' ಚೆನ್ನಾಗಿದೆ, ಆದರೆ ಅದರಲ್ಲಿ ಜನರನ್ನು ಕುಡುಕರ ಸಾಲಿಗೆ ಸೇರಿಸಿದ ಹಾಗಾಗುತ್ತದೆ. ಈ ಲೇಖಕರು ಜನರನ್ನು ಗೇಲಿ ಮಾಡುವುದಿಲ್ಲ. ಅವರು ನಗುವುದು ಪತ್ರಿಕೆಯನ್ನು ನೋಡಿ.

'ಆವೇಶ'ದ ಮೇಲೆ ನನಗೆ ಆಸೆ ಜಾಸ್ತಿ. ಮೂಲದಲ್ಲಿ ಅದರ ಅರ್ಥ ಒಳಹೊಗುವುದು. ದೇವರು ಮೈಮೇಲೆ ಬಂದರೂ ಆವೇಶ, ವೇದಿಕೆ ಮೇಲೆ ಗಂಟಲು ಹರಿದುಕೊಂಡರೂ ಆವೇಶ. ಇಂಗ್ಲಿಷಿನ 'ಎಂಥೂಸಿಯಾಸಮ್' ಕೂಡ ಇದೇ ದಾರಿಯಲ್ಲಿ ಬಂದದ್ದು. ಗ್ರೀಕಿನಲ್ಲಿ ಅದು ಒಳಗೆ ದೇವರು ಇರುವ ಸ್ಥಿತಿ. 18ನೇ ಶತಮಾನದ ಇಂಗ್ಲೆಂಡಿನಲ್ಲಂತೂ ದೇವರು ನನ್ನ ಜೊತೆ ನೇರವಾಗಿ ಮಾತಾಡುತ್ತಾನೆ ಅನ್ನುವವರನ್ನು ಹೀಯಾಳಿಸಲು ಬಳಸುತ್ತಿದ್ದರು. ಈಗ ನೋಡಿ, ಕೆಲಸಕ್ಕೆ ಅರ್ಜಿ ಹಾಕುವವರೆಲ್ಲ ತಮ್ಮಲ್ಲಿ ಅದು ಇದೆ ಅಂತ ಬರೆದುಕೊಳ್ಳುತ್ತಾರೆ!

ಆದರೆ 'ಆವೇಶ'ದಲ್ಲಿ ಸಿಟ್ಟಿನ ಎಳೆಯೂ ಇದೆ. ಗೋಡೆ ಮುಂದಿನ ಜನರಿಗೆ ಯಾರ ಮೇಲೂ ಸಿಟ್ಟಿಲ್ಲ.

ಇನ್ನೊಂದು, 'ಕಾವು'. ಫರ್ವರ್ ಹುಟ್ಟಿದ್ದು ಕುದಿಯುವುದು ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದ, ಹಾಗಾಗಿ ಬೇರಿನ ಮಟ್ಟದಲ್ಲಿ ಹೊಂದುತ್ತದೆ. ಪತ್ರಿಕೆಗಳು 'ಚುನಾವಣೆ ಕಾವು' ಅಂತ ದಿನವೂ ಬರೆಯುತ್ತವೆ. ಆದರೆ 'ಭಕ್ತಿಯ ಕಾವೇರಿತು' ಅಂತ ಬರೆದರೆ ಓದುಗರು ಒಂದು ಗಳಿಗೆ ನದಿ ಕಡೆ ಹೋಗಿಬಿಡುತ್ತಾರೆ, ಅಲ್ವಾ? 'ಭರಾಟೆ'ಯೂ ಪತ್ರಿಕೆಯವರ ಮೆಚ್ಚಿನ ಪದವೇ. 'ಸುದ್ದಿಯ ಭರಾಟೆ', 'ಭಕ್ತಿಯ ಭರಾಟೆ', ಎರಡೂ ಕಿವಿಗೆ ಹಿತ. ಕೊರತೆ ಏನೆಂದರೆ, ಭರಾಟೆ ಹೊರಗಿನ ಗಲಾಟೆ. ಸಂಪಾದಕ ಮಂಡಿಯೂರುವಾಗ ಅವನ ಒಳಗೆ ಆಗುವುದನ್ನು ಅದು ಹೇಳುವುದಿಲ್ಲ.

'ಟ್ಯಾಬ್ಲಾಯ್ಡ್' ಬಗ್ಗೆಯೂ ಒಂದು ಮಾತು. ಇದು 1884ರಲ್ಲಿ ಒಂದು ಇಂಗ್ಲಿಷ್ ಔಷಧ ಕಂಪನಿ ತನ್ನ ಒತ್ತಿದ ಮಾತ್ರೆಗಳಿಗೆ ಇಟ್ಟ ಹೆಸರು. ಆಮೇಲೆ ಒತ್ತಿ ಚಿಕ್ಕದು ಮಾಡಿದ ಸುದ್ದಿಗೆ, ಚಿಕ್ಕ ಹಾಳೆಯ ಪತ್ರಿಕೆಗೆ ಅಂಟಿಕೊಂಡಿತು. ಅಲ್ಲಿನ ಓದುಗರಿಗೆ ಟ್ಯಾಬ್ಲಾಯ್ಡ್ ಅಂದರೆ ತಾರೆಯರ ಜಗಳ, ಪವಾಡ, ದೊಡ್ಡ ಅಕ್ಷರ. ನಮ್ಮಲ್ಲಿ ಹಾಗಲ್ಲ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಅದೇ ಅಳತೆಯಲ್ಲಿ, ಜಾಹೀರಾತು ಇಲ್ಲದೆ, ರಾಜಕೀಯದ ಜೊತೆ ಕತೆ ಕವಿತೆಯನ್ನೂ ಕೊಟ್ಟಿತು. ಹಾಗಾಗಿ ಕನ್ನಡದ ಓದುಗರಿಗೆ 'ಟ್ಯಾಬ್ಲಾಯ್ಡ್' ಅಂದಾಕ್ಷಣ ನಗು ಬರಬೇಕೆಂದಿಲ್ಲ. 'ಪೀತ ಪತ್ರಿಕೆ' ಅನ್ನಬಹುದು, ಆದರೆ ಅದರಲ್ಲಿ ಹಣ ಕೀಳುವ, ಬೆದರಿಸುವ ಅರ್ಥವೂ ಸೇರಿಕೊಂಡಿದೆ. ನನ್ನ ಸಂಪಾದಕ ಅಷ್ಟು ಕೆಟ್ಟವನಲ್ಲ, ಪಾಪ. ಸದ್ಯಕ್ಕೆ 'ಟ್ಯಾಬ್ಲಾಯ್ಡ್' ಅಂತಲೇ ಬಿಟ್ಟಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ನನಗೆ ಪುಕ್ಕಟೆ ಲಾಭ ಕೊಟ್ಟಿದೆ. ಗಾಳಿಸುದ್ದಿಗೂ ಪವಾಡಕ್ಕೂ ನಮ್ಮಲ್ಲಿ ಒಂದೇ 'ಅಂತೆ' ಸಾಕು. 'ನಟಿ ಮನೆ ಬಿಟ್ಟಳಂತೆ', 'ಸಂತ ಕಣ್ಣು ಬಿಟ್ಟನಂತೆ'. ಹೇಳಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಪತ್ರಿಕೆ ಭಾಷೆಯ 'ಎನ್ನಲಾಗಿದೆ' ಅಂದರೆ ಕೋಟು ತೊಟ್ಟ 'ಅಂತೆ', ಅಷ್ಟೇ. ಹಾಗಾಗಿ ವರದಿಗಾರನ ಬಾಯಲ್ಲಿ 'ಎನ್ನಲಾಗಿದೆ', ಜನರ ಬಾಯಲ್ಲಿ 'ಅಂತೆ' ಇಟ್ಟಿದ್ದೇನೆ. ಕತೆ ಮುಂದೆ ಹೋದ ಹಾಗೆ ಎರಡನ್ನೂ ಅದಲು ಬದಲು ಮಾಡುವ ಯೋಚನೆ ಇದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ಈ ಎರಡು ಸಾಲಿಗೂ ಕೂರುವ ಒಂದು ಪದ ಬೇಕು: 'ಸುದ್ದಿಮನೆಯಲ್ಲಿ ಅಂದು ಎಂದಿಲ್ಲದ —', 'ಗೋಡೆ ಮುಂದೆ ಅಂದು ಎಂದಿಲ್ಲದ —'. ನಿಮ್ಮ ಕಡೆಯ ಆಡುಮಾತಿನ ಪದವಾದರೂ ಸರಿ. ಸಿಟ್ಟು ಇರಬಾರದು, ಪೂಜ್ಯಭಾವವೂ ಇರಬಾರದು. 'ಆವೇಶ'ದಲ್ಲಿ ಸಿಟ್ಟು ಕಾಣುವುದು ನನಗೊಬ್ಬನಿಗೋ, ನಿಮಗೂ ಹಾಗೇನೋ, ಅದನ್ನೂ ತಿಳಿಸಿ.